ಕ್ರೀಮ್ಡ್ ಕೊಕೊನಟ್ ಅಚ್ಚು ಅರ್ಧ ಉಳಿದಿದೆಯಾ? ದಿನದ ಅಡುಗೆಯಲ್ಲಿ ಹೀಗೆ ಮುಗಿಸಿ

ಇಂಗ್ಲೆಂಡಿನಲ್ಲಿರುವ ಕನ್ನಡದವರ ಮನೆಯಲ್ಲಿ ಅಡುಗೆ ಕಪಾಟು ತೆಗೆದರೆ ಒಂದು ಪುಟ್ಟ ರಟ್ಟಿನ ಡಬ್ಬಿ ಕಣ್ಣಿಗೆ ಬೀಳಬಹುದು. ಒಳಗೆ ಪ್ಲಾಸ್ಟಿಕ್ ಹೊದ್ದ ಬಿಳಿ ಅಚ್ಚು. ತೂಕ 200 ಗ್ರಾಂ, ಮುಟ್ಟಿದರೆ ಬಟ್ಟೆ ಸೋಪಿನಷ್ಟು ಗಟ್ಟಿ. ಅದೇ ಕ್ರೀಮ್ಡ್ ಕೊಕೊನಟ್. ಯಾವತ್ತೋ ಒಂದು ದಿನ ಕುರ್ಮಾಕ್ಕೆ ಅಂತ ತಂದಿರುತ್ತೇವೆ. ಒಂದು ಮೂಲೆ ಕತ್ತರಿಸಿ ಹಾಕಿರುತ್ತೇವೆ. ಉಳಿದದ್ದು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಸಾಸಿವೆ ಡಬ್ಬಿ ಹಿಂದೆ ಕೂತಿರುತ್ತದೆ.

ಲೆಸ್ಟರ್‌ನಲ್ಲಿ ನಾನು ಸಂಸಾರ ಹೂಡಿದ ಮೊದಲ ವರ್ಷ ಅಂಥ ಅಚ್ಚುಗಳು ನನ್ನ ಹತ್ತಿರ ಮೂರು ಇದ್ದವು, ಮೂರೂ ಅರ್ಧರ್ಧ. ಅದನ್ನು ತೆಂಗಿನಕಾಯಿ ಅಂತಲೇ ತಿಳಿದು ಬೀನ್ಸ್ ಪಲ್ಯಕ್ಕೆ ಉದುರಿಸಿದ್ದೆ. ಬಿಸಿಗೆ ತುರಿಯೆಲ್ಲ ಕರಗಿ ಪಲ್ಯ ಎಣ್ಣೆಯಲ್ಲಿ ನೆಂದ ಹಾಗಾಯಿತು. ಅಮ್ಮನಿಗೆ ಫೋನ್ ಮಾಡಿ ಅದು ಹೇಗಿರುತ್ತದೆ ಅಂತ ವಿವರಿಸಿದೆ. ತಿಪಟೂರು ಕಡೆ ಹುಟ್ಟಿ ಬೆಳೆದವರು ಅವರು. ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಅದು ಕಾಯಿ ಅಲ್ಲ ಕಣೇ, ಕೊಬ್ಬರಿ. ಕೊಬ್ಬರಿ ಹಾಕೋ ಕಡೆ ಹಾಕು."

ಆ ಮಾತು ನೂರಕ್ಕೆ ನೂರು ನಿಜ. ಬಲಿತ ತೆಂಗಿನ ಬಿಳಿ ತಿರುಳನ್ನು ಒಣಗಿಸಿ, ಅದರದ್ದೇ ಎಣ್ಣೆ ಬಿಡುವ ತನಕ ನುಣ್ಣಗೆ ಅರೆದು ಅಚ್ಚು ಹಾಕಿದರೆ ಕ್ರೀಮ್ಡ್ ಕೊಕೊನಟ್. ಸಕ್ಕರೆ ಇಲ್ಲ, ನೀರಂತೂ ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುವುದನ್ನು ಕಾಯುತ್ತಾರಲ್ಲ, ಅದರ ದೂರದ ಸಂಬಂಧಿ ಇದು. ಹಸಿಕಾಯಿಯ ರಸ, ನಾರು, ಆ ಕಚ್ಚಿದರೆ ಸಿಗುವ ಸಿಹಿ ಇದರಲ್ಲಿ ಹುಡುಕಬಾರದು. ಇದರಲ್ಲಿ ಇರುವುದು ಕಂಪು ಮತ್ತು ಜಿಡ್ಡು. ಇಷ್ಟು ಮನಸ್ಸಿಗೆ ಬಂದರೆ ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಮೊದಲು ಹೆಸರು ನೋಡಿ ತನ್ನಿ

ಅಂಗಡಿಯಲ್ಲಿ ಮೂರು ಹೆಸರು ಒಂದರ ಪಕ್ಕ ಒಂದು ಇರುತ್ತವೆ. ಕೊಕೊನಟ್ ಕ್ರೀಮ್ ಅಂದರೆ ಡಬ್ಬದಲ್ಲಿ ಬರುವ ಗಟ್ಟಿ ಕಾಯಿಹಾಲು. ಕ್ರೀಮ್ ಆಫ್ ಕೊಕೊನಟ್ ಅಂದರೆ ಸಕ್ಕರೆ ಹಾಕಿದ್ದು, ಪಿನ್ಯಾ ಕೊಲಾಡ ಅನ್ನುವ ಪಾನೀಯಕ್ಕೆ ಬಳಸುವಂಥದ್ದು. ಅದನ್ನು ಹುಳಿಗೆ ಹಾಕಿದರೆ ಊಟ ಕೆಟ್ಟಿತು ಅಂತಲೇ ಲೆಕ್ಕ. ನಮಗೆ ಬೇಕಾದದ್ದು ಕ್ರೀಮ್ಡ್ ಕೊಕೊನಟ್, ಗಟ್ಟಿ ಅಚ್ಚು. ಹಿಂದೆ ಬರೆದಿರುವ ಸಾಮಾನುಗಳ ಪಟ್ಟಿಯಲ್ಲಿ ತೆಂಗು ಬಿಟ್ಟು ಬೇರೇನೂ ಇರಬಾರದು. 50 ಗ್ರಾಂನ ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುವುದೂ ಉಂಟು. ಇಬ್ಬರೇ ಇರುವ ಮನೆಗೆ ಅದೇ ವಾಸಿ.

ಡಬ್ಬಿ ತೆಗೆದಾಗ ಮೇಲೊಂದು ಬೆಳ್ಳನೆ ಪದರ, ಕೆಳಗೆ ಸ್ವಲ್ಪ ಮಾಸಲು ಬಣ್ಣದ ಪದರ ಕಾಣಿಸಿದರೆ ಗಾಬರಿ ಬೇಡ. ಮೇಲಿನದು ಎಣ್ಣೆ, ಕೆಳಗಿನದು ಅರೆದ ತಿರುಳು. ಕೆಟ್ಟಿಲ್ಲ, ಬೇರೆಯಾಗಿದೆ ಅಷ್ಟೆ. ಪೊಟ್ಟಣ ಒಡೆಯುವ ಮೊದಲೇ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಕೈಯಲ್ಲಿ ಹಿಸುಕಿದರೆ ಎರಡೂ ಬೆರೆಯುತ್ತವೆ. ಕೆಟ್ಟಿದೆಯಾ ಅಂತ ತಿಳಿಯಲು ಮೂಗು ಸಾಕು. ಹಳೇ ಕೊಬ್ಬರಿಯ ಕಮಟು ವಾಸನೆ ಬಂದರೆ ಎಸೆಯಿರಿ, ಯಾವ ಮಸಾಲೆಯೂ ಆ ವಾಸನೆಯನ್ನು ಮುಚ್ಚುವುದಿಲ್ಲ.

ಅಳತೆ: ಒಂದು ಬೆಂಕಿಪೆಟ್ಟಿಗೆ

ನಾನು ತಕ್ಕಡಿ ಹಿಡಿಯುವುದಿಲ್ಲ. ಊರಿನ ಬೆಂಕಿಪೆಟ್ಟಿಗೆ ಇದೆಯಲ್ಲ, ಆ ಗಾತ್ರದ ತುಂಡು ಸುಮಾರು 25 ಗ್ರಾಂ ತೂಗುತ್ತದೆ. ಒಂದು ಅಚ್ಚನ್ನು ಎಂಟು ಭಾಗ ಮಾಡಿದರೆ ಒಂದು ಭಾಗವೂ ಅಷ್ಟೇ. ಹಸಿಕಾಯಿಯಲ್ಲಿ ಇರುವುದರ ಎರಡರಷ್ಟು ಜಿಡ್ಡು ಇದರಲ್ಲಿದೆ. ಹಾಗಾಗಿ ಅರ್ಧ ಬಟ್ಟಲು ಕಾಯಿತುರಿ ಹಾಕುವ ಕಡೆ ಒಂದು ಬೆಂಕಿಪೆಟ್ಟಿಗೆಯಷ್ಟು ತುಂಡು ಸಾಕು. ನಾಲ್ಕು ಜನರ ಹುಳಿಗೆ ಇದಕ್ಕಿಂತ ಜಾಸ್ತಿ ಬೇಡವೇ ಬೇಡ.

ಅಚ್ಚು ತಂದ ದಿನವೇ ಎಂಟು ಭಾಗ ಮಾಡಿಬಿಡಿ. ಇದೊಂದು ಕೆಲಸ ಮಾಡಿದರೆ ಅಚ್ಚು ಮುಗಿಯುತ್ತದೆ, ಮಾಡದಿದ್ದರೆ ಉಳಿಯುತ್ತದೆ. ಸಂಜೆ ಆಫೀಸಿನಿಂದ ಬಂದು ಕಲ್ಲಿನಂಥ ಅಚ್ಚಿಗೆ ಚಾಕು ಹಾಕುವ ತಾಳ್ಮೆ ಯಾರಿಗಿರುತ್ತದೆ ಹೇಳಿ? ಅಚ್ಚು ಫ್ರಿಜ್‌ನಲ್ಲಿದ್ದರೆ ಹೊರಗೆ ತೆಗೆದು ಒಂದು ಗಂಟೆ ಬಿಡಿ. ದಪ್ಪ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮೇಲಿನಿಂದ ಒತ್ತಿ. ಎಂಟು ತುಂಡುಗಳನ್ನೂ ಒಣಗಿದ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿ ಮಾಡಿ, ಕಣ್ಣಿಗೆ ಕಾಣುವ ಕಡೆ ಇಡಿ. ಒಂದು ಡಬ್ಬಿ ಒಡೆದರೆ ಒಂದೆರಡು ವಾರದಲ್ಲಿ ಮುಗಿಸುವ ಲೆಕ್ಕ ಇಟ್ಟುಕೊಳ್ಳಿ. ಇನ್ನೂ ತಡ ಆಗುತ್ತದೆ ಅನಿಸಿದರೆ ಫ್ರಿಜ್. ಒದ್ದೆ ಕೈ, ಒದ್ದೆ ಚಮಚ ಮಾತ್ರ ತಾಗಿಸಬೇಡಿ.

ಕರಗಿಸುವುದು ಹೇಗೆ

ತುಂಡನ್ನು ಚೂರು ಮಾಡಿ, ಇಲ್ಲವೇ ಕ್ಯಾರೆಟ್ ತುರಿಯುವ ತುರಿಮಣೆಯಲ್ಲಿ ತುರಿದು, ಒಂದು ಲೋಟಕ್ಕೆ ಹಾಕಿ. ಕುದಿಯುವ ನೀರು ಸುರಿದು ಎರಡು ನಿಮಿಷ ಸುಮ್ನೆ ಬಿಡಿ. ಆಮೇಲೆ ಚಮಚದಲ್ಲಿ ಚೆನ್ನಾಗಿ ಕಲಸಿ. ಒಂದು ತುಂಡಿಗೆ 50 ಮಿಲಿ ನೀರು ಹಾಕಿದರೆ ಗಟ್ಟಿ ಹಾಲು, 100 ಮಿಲಿ ಹಾಕಿದರೆ ಮಾಮೂಲಿ ಕಾಯಿಹಾಲು, 200 ಮಿಲಿ ಹಾಕಿದರೆ ಎರಡನೇ ಸಲ ಹಿಂಡಿದ ತೆಳು ಹಾಲಿನಂಥದ್ದು ಸಿಗುತ್ತದೆ. ತಿರುಳು ಪೂರ್ತಿ ಇದರೊಳಗೇ ಇರುವುದರಿಂದ ಸ್ವಲ್ಪ ತರಿತರಿ ಇದ್ದೇ ಇರುತ್ತದೆ. ಪಾಯಸಕ್ಕೆ ನುಣುಪಾಗಿ ಬೇಕು ಅಂದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ.

ನೇರವಾಗಿ ಪಾತ್ರೆಗೇ ಹಾಕಬಾರದಾ ಅಂತ ಕೇಳಬಹುದು. ಹಾಕಬಹುದು, ಆದರೆ ಗಟ್ಟಿ ತುಂಡು ತಳಕ್ಕೆ ಹೋಗಿ ಕೂತು ಸೀಯುತ್ತದೆ. ಕೊಬ್ಬರಿ ಸೀದ ವಾಸನೆ ಇಡೀ ಹುಳಿಗೆ ಹತ್ತುತ್ತದೆ. ಲೋಟದಲ್ಲಿ ಕರಗಿಸಿ, ಕೊನೆಯ ಐದು ನಿಮಿಷದಲ್ಲಿ ಸೇರಿಸುವುದೇ ಸರಿ.

ಮಜ್ಜಿಗೆ ಹುಳಿ

ನನ್ನ ಮನೆಯಲ್ಲಿ ಅಚ್ಚು ಹೆಚ್ಚು ಖರ್ಚಾಗುವುದು ಇದಕ್ಕೇ. ಮೊದಲ ಸಲ ಮಾಡಿದಾಗ ಕೆಟ್ಟಿದ್ದೂ ಇದೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಜನವರಿ ತಿಂಗಳು. ಮಸಾಲೆ ಬೆಂದು ಘಮ್ ಅಂತ ವಾಸನೆ ಬರುತ್ತಿತ್ತು. ಒಲೆ ಆರಿಸಿ, ಹುಳಿ ಸ್ವಲ್ಪ ತಣಿಯಲಿ ಅಂತ ಬಿಟ್ಟು, ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಸರನ್ನು ಒಂದೇ ಸಲಕ್ಕೆ ಸುರಿದೆ. ನೋಡನೋಡುತ್ತಿದ್ದಂತೆ ಮೇಲೆಲ್ಲ ರವೆಯಂಥ ಬಿಳಿ ಕಾಳು ತೇಲಿದವು. ಮೊಸರು ಒಡೆಯಿತು ಅಂದುಕೊಂಡೆ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿದರೆ ಕರಗಿ ಎಣ್ಣೆಯಾಯಿತು. ಒಡೆದದ್ದು ಮೊಸರಲ್ಲ, ಗಟ್ಟಿಯಾದದ್ದು ಕೊಬ್ಬರಿ ಎಣ್ಣೆ! ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ತಲೆಗೆ ಹಾಕುವ ಎಣ್ಣೆ ಬಾಟಲಿ ಬಿಸಿಲಿಗೆ ಇಡುತ್ತಿದ್ದೆವಲ್ಲ, ಅದೇ ಕತೆ. ಈ ಅಚ್ಚಿನ ಮೂರರಲ್ಲಿ ಎರಡು ಪಾಲು ಆ ಎಣ್ಣೆಯೇ. ಹಸಿಕಾಯಿಗೆ ಈ ತೊಂದರೆ ಇಷ್ಟು ಕಾಣುವುದಿಲ್ಲ, ಇದಕ್ಕೆ ಕಾಣುತ್ತದೆ.

ನಾಲ್ಕು ಜನಕ್ಕೆ ಮಾಡುವ ಕ್ರಮ ಹೀಗೆ:

1. ಎರಡು ದೊಡ್ಡ ಚಮಚ ಕಡಲೆಬೇಳೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಮೊಸರನ್ನು ಈಗಲೇ ಫ್ರಿಜ್‌ನಿಂದ ಹೊರಗೆ ತೆಗೆದಿಡಿ. ಒಂದೂವರೆ ಬಟ್ಟಲು ಬೇಕು, ಸ್ವಲ್ಪ ಹುಳಿಯಾಗಿದ್ದರೆ ಒಳ್ಳೆಯದು.

2. ಬೂದುಗುಂಬಳ ಸಿಕ್ಕರೆ ಅದೇ ಇರಲಿ. ಇಲ್ಲದಿದ್ದರೆ ಇಲ್ಲಿ ಬೇಸಿಗೆ ಕೊನೆಗೆ ಸಿಗುವ ಮ್ಯಾರೋ ಹಾಕಿ, ಗುರುತೇ ಸಿಗದಷ್ಟು ಹೊಂದುತ್ತದೆ. ಎರಡು ಬಟ್ಟಲು ಹೋಳನ್ನು ಉಪ್ಪು, ಚಿಟಿಕೆ ಅರಿಸಿನ ಹಾಕಿ ಬೇಯಿಸಿ. ಮೆತ್ತಗೆ ಮುದ್ದೆಯಾಗಬಾರದು.

3. ನೆಂದ ಬೇಳೆ, ಮೂರು ನಾಲ್ಕು ಹಸಿಮೆಣಸಿನಕಾಯಿ, ಅರ್ಧ ಇಂಚು ಶುಂಠಿ, ಒಂದೊಂದು ಸಣ್ಣ ಚಮಚ ಜೀರಿಗೆ ಮತ್ತು ಧನಿಯಾ, ಒಂದು ಹಿಡಿ ಕೊತ್ತಂಬರಿ ಸೊಪ್ಪು ನುಣ್ಣಗೆ ರುಬ್ಬಿ. ಕೊಬ್ಬರಿ ಇದರ ಜೊತೆ ಬೇಡ. ತಣ್ಣನೆ ನೀರಿಗೆ ಅದು ಮಿಕ್ಸಿ ಬ್ಲೇಡಿಗೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ.

4. ರುಬ್ಬಿದ್ದನ್ನು ಹೋಳಿಗೆ ಸೇರಿಸಿ ಐದಾರು ನಿಮಿಷ ಕುದಿಸಿ. ಬೇಳೆಯ ಹಸಿ ವಾಸನೆ ಹೋಗಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಿರಿ.

5. ಒಂದು ತುಂಡು ಅಚ್ಚನ್ನು 100 ಮಿಲಿ ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಒಂದು ಕುದಿ ಬಂದ ಮೇಲೆ ಉರಿ ತೀರಾ ಸಣ್ಣಗೆ ಮಾಡಿ.

6. ಮೊಸರನ್ನು ಕಡೆದುಕೊಳ್ಳಿ. ಬಿಸಿ ಹುಳಿಯಿಂದ ಒಂದು ಸೌಟು ತೆಗೆದು ಮೊದಲು ಮೊಸರಿಗೆ ಬೆರೆಸಿ. ಆಮೇಲೆ ಆ ಮೊಸರನ್ನು ಪಾತ್ರೆಗೆ ನಿಧಾನವಾಗಿ ಹೊಯ್ಯಿರಿ. ಅಂಚಿನಲ್ಲಿ ಹಬೆಯಾಡಿದರೆ ಸಾಕು, ಕೊತಕೊತ ಕುದಿಸಬೇಡಿ.

7. ಒಗ್ಗರಣೆಗೆ ಒಂದೇ ಸಣ್ಣ ಚಮಚ ಎಣ್ಣೆ. ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು.

ಮಾರನೇ ದಿನಕ್ಕೆ ಉಳಿದರೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿದರೆ ಮೊದಲಿನ ಹಾಗೇ ಆಗುತ್ತದೆ. ಇದನ್ನು ತಣ್ಣಗೆ ಉಣ್ಣಲು ಆಗುವುದಿಲ್ಲ, ಬಾಯಿಗೆ ಜಿಡ್ಡು ಅಂಟುತ್ತದೆ.

ಹುಳಿ, ಸಾಗು, ಗಸ್ಸಿ

ಹುರಿದು ರುಬ್ಬುವ ತರಕಾರಿ ಹುಳಿಗೆ ಧನಿಯಾ, ಬೇಳೆಗಳು, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಎಂದಿನಂತೆ ಹುರಿದು ಪುಡಿ ಮಾಡಿ. ಕಾಯಿ ಇಲ್ಲದ್ದಕ್ಕೆ ಹುಳಿ ನೀರು ಬೇರೆ, ಬೇಳೆ ಬೇರೆ ಆಗುತ್ತದೆ. ಅದಕ್ಕೆ ಒಂದು ಚಮಚ ಹುರಿಗಡಲೆಯನ್ನೂ ಜೊತೆಗೆ ಪುಡಿ ಮಾಡಿ. ಕರಗಿಸಿದ ಒಂದು ತುಂಡು ಕೊನೆಗೆ. ಪುಡಿ ಮಂದ ಕೊಡುತ್ತದೆ, ಅಚ್ಚು ಕಂಪು ಕೊಡುತ್ತದೆ. ಬಿಸಿಬೇಳೆಬಾತಿಗಂತೂ ಇದು ಹೇಳಿ ಮಾಡಿಸಿದ ಹಾಗೆ, ಅದಕ್ಕೆ ನಾವು ಊರಿನಲ್ಲೂ ಕೊಬ್ಬರಿಯನ್ನೇ ಹಾಕುತ್ತಿದ್ದೆವು.

ಪೂರಿ ಸಾಗುವಿಗೆ ಗಟ್ಟಿ ಹಾಲು ಮಾಡಿ ಹಾಕಿ. ಗಸಗಸೆ ಸ್ವಲ್ಪ ಕಡಿಮೆ ಮಾಡಿದರೂ ನಡೆಯುತ್ತದೆ. ಕೋರಿ ಗಸ್ಸಿ ಮಾಡುವವರಿಗೆ ಒಂದು ಮಾತು: ಮಸಾಲೆ ಜೊತೆ ಹುರಿದು ಅರೆಯುವ ಕಾಯಿಯ ಜಾಗಕ್ಕೆ ಇದು ಬರುವುದಿಲ್ಲ. ಬಾಣಲೆಗೆ ಹಾಕಿದ ಕೂಡಲೇ ಕರಗಿ ಹೊತ್ತುತ್ತದೆ. ಅದಕ್ಕೆ ಫ್ರೋಜನ್ ತುರಿ ಹುರಿದುಕೊಳ್ಳಿ, ಕೊನೆಗೆ ಹಾಕುವ ಕಾಯಿಹಾಲಿಗೆ ಮಾತ್ರ ಅಚ್ಚು ಬಳಸಿ.

ಸಿಹಿಗೆ

ಹೆಸರುಬೇಳೆ ಪಾಯಸಕ್ಕೆ ಅರ್ಧ ಬಟ್ಟಲು ಬೇಳೆಯನ್ನು ಘಮ್ಮೆನ್ನುವಂತೆ ಹುರಿದು, ಎರಡು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ. ಮುಕ್ಕಾಲು ಬಟ್ಟಲು ಬೆಲ್ಲ ಕರಗಿಸಿ ಶೋಧಿಸಿ ಹಾಕಿ, ಐದು ನಿಮಿಷ ಕುದಿಯಲಿ. ಒಂದೂವರೆ ತುಂಡು ಅಚ್ಚನ್ನು ಮುಕ್ಕಾಲು ಬಟ್ಟಲು ಬಿಸಿನೀರಿನಲ್ಲಿ ಕರಗಿಸಿ, ಮಿಕ್ಸಿಯಲ್ಲಿ ತಿರುಗಿಸಿ, ಸೇರಿಸಿ. ಒಂದು ಸಣ್ಣ ಕುದಿ ಬಂದ ತಕ್ಷಣ ಇಳಿಸಿಬಿಡಿ, ಹೆಚ್ಚು ಕುದಿಸಿದರೆ ಎಣ್ಣೆ ಮೇಲೆ ಬರುತ್ತದೆ. ಏಲಕ್ಕಿ, ಗೋಡಂಬಿ. ಬೆಲ್ಲಕ್ಕೆ ಹಸುವಿನ ಹಾಲು ಹಾಕಿದಾಗ ಒಡೆಯುವ ಭಯ ಇದರಲ್ಲಿ ಇಲ್ಲ. ತುಪ್ಪ ಅರ್ಧ ಚಮಚ ಸಾಕು.

ಇನ್ನೂ ಸುಲಭದ್ದು ಬೇಕಾ? ನೀರ್ ದೋಸೆಗೆ, ಒತ್ತು ಶಾವಿಗೆಗೆ ಕಾಯಿಹಾಲು. ಎರಡು ತುಂಡು, 200 ಮಿಲಿ ಬಿಸಿನೀರು, ಪುಡಿ ಬೆಲ್ಲ, ಏಲಕ್ಕಿ. ಐದು ನಿಮಿಷದ ಕೆಲಸ. ಬೆಚ್ಚಗಿರುವಾಗಲೇ ಬಡಿಸಬೇಕು. ಬೆಳಗಿನ ರಾಗಿ ಗಂಜಿಗೆ, ಓಟ್ಸ್‌ಗೆ ಅರ್ಧ ತುಂಡು ತುರಿದು ಹಾಕಿದರೆ ಮಕ್ಕಳು ಬಟ್ಟಲು ಖಾಲಿ ಮಾಡುತ್ತಾರೆ.

ಪಕ್ಕದ ಮನೆಯಿಂದ ಕಲಿತದ್ದು

ಈ ಅಚ್ಚನ್ನು ಇಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಕೆರಿಬಿಯನ್ ಮೂಲದವರು. ನಮ್ಮ ಪಕ್ಕದ ಮನೆಯ ಜಮೈಕಾದ ಅಜ್ಜಿ ಭಾನುವಾರ ಭಾನುವಾರ ಮಾಡುವ ರೈಸ್ ಅಂಡ್ ಪೀಸ್‌ಗೆ ಇದಿಲ್ಲದೆ ಆಗುವುದೇ ಇಲ್ಲ. ಹೆಸರಿನಲ್ಲಿ ಪೀಸ್ ಅಂತಿದ್ದರೂ ಹಾಕುವುದು ರಾಜ್ಮಾ.

ಅವರು ಹೇಳಿಕೊಟ್ಟಂತೆ: ಬೆಂದ ರಾಜ್ಮಾದ ಒಂದು 400 ಗ್ರಾಂ ಡಬ್ಬ ನೀರಿನ ಸಮೇತ ಪಾತ್ರೆಗೆ ಸುರಿಯಿರಿ. ಎರಡು ಎಸಳು ಜಜ್ಜಿದ ಬೆಳ್ಳುಳ್ಳಿ, ಎರಡು ಈರುಳ್ಳಿ ಹೂವು, ಎರಡು ಕಡ್ಡಿ ಥೈಮ್, ನಾಲ್ಕೈದು ಆಲ್‌ಸ್ಪೈಸ್ ಕಾಳು, ಉಪ್ಪು, ಒಂದೂವರೆ ತುಂಡು ಅಚ್ಚು ಹಾಕಿ. ಅಳತೆಗೆ ಬೇಕಾದಷ್ಟು ನೀರು ಹೊಯ್ದು ಅಚ್ಚು ಕರಗುವ ತನಕ ಕುದಿಸಿ. ಒಂದೂವರೆ ಬಟ್ಟಲು ತೊಳೆದ ಅಕ್ಕಿ ಹಾಕಿ. ಮೇಲೆ ಒಂದು ಇಡೀ ಸ್ಕಾಚ್ ಬಾನೆಟ್ ಮೆಣಸಿನಕಾಯಿ ಇಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ. ಮೆಣಸಿನಕಾಯಿ ಒಡೆಯದ ಹಾಗೆ ನೋಡಿಕೊಂಡು ಕೊನೆಗೆ ತೆಗೆಯಬೇಕು. ಒಡೆದರೆ ಖಾರ ತಡೆಯಲು ಆಗುವುದಿಲ್ಲ. ಒಣ ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹತ್ತು ನಿಮಿಷ ಜೋರಾಗಿ ಕುದಿಸಿ, ಆಮೇಲೆ ಮೆತ್ತಗೆ ಬೇಯಿಸಿಕೊಳ್ಳಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

ಇದೇ ದಾರಿಯಲ್ಲಿ ನಾನು ಅವರೆಕಾಳು ಬಾತ್ ಮಾಡುತ್ತೇನೆ. ಥೈಮ್ ಬದಲು ಸಬ್ಬಸಿಗೆ ಸೊಪ್ಪು, ಆಲ್‌ಸ್ಪೈಸ್ ಬದಲು ಚಕ್ಕೆ ಲವಂಗ. ಆ ಅಜ್ಜಿಗೆ ಒಂದು ಡಬ್ಬಿ ಕೊಟ್ಟಾಗ ಸಬ್ಬಸಿಗೆ ಸೊಪ್ಪಿನ ಹೆಸರು ಬರೆಸಿಕೊಂಡರು.

ಎಲ್ಲಿ ಬೇಡ

ಪಲ್ಯ, ಕೋಸಂಬರಿ, ಕಾಯಿ ಹೋಳಿಗೆ ಹೂರಣ, ಸುಕ್ಕ: ಇವಕ್ಕೆಲ್ಲ ತುರಿ ತುರಿಯಾಗಿಯೇ ಇರಬೇಕು. ಬೆಲ್‌ಗ್ರೇವ್ ರೋಡಿನಂಥ ಕಡೆ ಭಾರತದ ಅಂಗಡಿಗಳಲ್ಲಿ ಫ್ರೋಜನ್ ಕಾಯಿತುರಿ ಸಿಗುತ್ತದೆ, ಅದನ್ನೇ ಬಳಸಿ. ಚಟ್ನಿಪುಡಿಗೂ ಬೇಡ. ಒಣ ಕೊಬ್ಬರಿಯ ತುರಿ ಬಿಡಿಬಿಡಿಯಾಗಿರುತ್ತದೆ, ಇದು ಪುಡಿಯನ್ನು ಉಂಡೆ ಕಟ್ಟಿಸುತ್ತದೆ.

ಇಡ್ಲಿ ಚಟ್ನಿಗೆ ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಬರೀ ಇದರಲ್ಲೇ ಮಾಡಿದರೆ ಚೆನ್ನಾಗಿರುವುದಿಲ್ಲ, ತಟ್ಟೆಯಲ್ಲೇ ಹೆಪ್ಪುಗಟ್ಟುತ್ತದೆ. ಅರ್ಧ ಬಟ್ಟಲು ಹುರಿಗಡಲೆ, ಮುಕ್ಕಾಲು ಬಟ್ಟಲು ಫ್ರೋಜನ್ ತುರಿ, ಅದಕ್ಕೆ ಅರ್ಧ ತುಂಡು ಅಚ್ಚು, ಬಿಸಿನೀರಿನಲ್ಲಿ ರುಬ್ಬಿದರೆ ಮಾತ್ರ ರುಚಿ. ಫ್ರೋಜನ್ ತುರಿ ಕೆಲವೊಮ್ಮೆ ಸಪ್ಪೆ ಇರುತ್ತದೆ, ಆ ಸಪ್ಪೆಯನ್ನು ಇದು ತುಂಬುತ್ತದೆ.

ಇನ್ನು ಆರೋಗ್ಯದ ಮಾತು. ಈ ಜಿಡ್ಡು ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಬ್ರಿಟನ್ನಿನ ಆರೋಗ್ಯ ಇಲಾಖೆ ಅದನ್ನು ದಿನಕ್ಕೆ ಗಂಡಸರಿಗೆ 30 ಗ್ರಾಂ, ಹೆಂಗಸರಿಗೆ 20 ಗ್ರಾಂ ಮೀರಬೇಡಿ ಅನ್ನುತ್ತದೆ. ಒಂದು ತುಂಡಿನಲ್ಲಿ ಸುಮಾರು 15 ಗ್ರಾಂ ಇರುತ್ತದೆ. ನಾಲ್ಕು ಜನ ಹಂಚಿಕೊಂಡರೆ ತಲೆಗೆ ನಾಲ್ಕು ಗ್ರಾಂ ಆಸುಪಾಸು. ಅದಕ್ಕೇ ಮೊದಲಿಂದ ಒಂದೇ ತುಂಡು, ಒಂದೇ ಚಮಚ ಒಗ್ಗರಣೆ ಎಣ್ಣೆ ಅಂತ ಹೇಳುತ್ತಿರುವುದು. ಕೊಲೆಸ್ಟರಾಲ್ ಇರುವವರು ಮನೆಯಲ್ಲಿದ್ದರೆ ಅರ್ಧ ತುಂಡು ಸಾಕು, ಕಂಪು ಬಂದೇ ಬರುತ್ತದೆ.

ಡಬ್ಬಿಯ ತಳ

ಕರಗಿಸಿದ ಹಾಲು ಉಳಿದರೆ ಐಸ್ ಟ್ರೇಗೆ ಹೊಯ್ದು ಫ್ರೀಜರ್‌ನಲ್ಲಿಡಿ. ಅನ್ನ ಮಾಡುವಾಗ, ಸಾರು ಖಾರವಾದಾಗ ಒಂದೊಂದು ಬಿಲ್ಲೆ ಹಾಕಬಹುದು. ಎಂಟು ತುಂಡೂ ಮುಗಿದ ಮೇಲೆ ಡಬ್ಬಿಯ ಗೋಡೆಗೆ, ಪ್ಲಾಸ್ಟಿಕ್ ಪೊಟ್ಟಣದ ಮಡಿಕೆಗೆ ಒಂದು ಚಮಚದಷ್ಟಾದರೂ ಮೆತ್ತಿಕೊಂಡಿರುತ್ತದೆ. ಪೊಟ್ಟಣವನ್ನು ಬಿಡಿಸಿ ಡಬ್ಬಿಯ ಮೇಲೆ ಹಿಡಿದು, ಕಾದ ನೀರು ಅರ್ಧ ಲೋಟ ಹೊಯ್ಯಿರಿ. ಮುಚ್ಚಳ ಸಡಿಲವಾಗಿ ಇಟ್ಟು ಡಬ್ಬಿಯನ್ನು ಮೆಲ್ಲಗೆ ತಿರುಗಿಸಿ. ಆ ಬಿಳಿ ನೀರನ್ನು ಅವತ್ತಿನ ತಿಳಿಸಾರಿಗೆ ಸೇರಿಸಿಬಿಡಿ.